ಅಲ್ಲಾಡಿಸಿ ತಂದ ಜಾಯ್‌ಸ್ಟಿಕ್

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಎಲ್ಲರೂ ಹೇಳುತ್ತಾರೆ. ನಮ್ಮ ಭಾವ ಭೀಮರಾಜು ಹಾಲನ್ನೇ ಹಾಲಲ್ಲ ಎನ್ನುವ ಪೈಕಿ. ತಮ್ಮದೇ ಕೊಟ್ಟಿಗೆಯ ಹಸುವನ್ನು ತಾವೇ ಕರೆದು, ಚೊಂಬಿನೊಳಕ್ಕೆ ಬಗ್ಗಿ ನೋಡಿ, ‘ಇವತ್ಯಾಕೋ ತೆಳ್ಳಗೈತಲ್ಲ’ ಎಂದು ಹಸುವಿನ ಮುಖ ನೋಡುತ್ತಾರೆ. ಬಸ್ಸಿನ ಬೋರ್ಡಿನಲ್ಲಿ ತಿಪಟೂರು ಎಂದು ಬರೆದಿದ್ದರೂ ಕಂಡಕ್ಟರನ್ನು ಕೇಳುತ್ತಾರೆ. ಕಂಡಕ್ಟರ್ ಹೇಳಿದ ಮೇಲೆ ಡ್ರೈವರನ್ನು ಕೇಳುತ್ತಾರೆ. ಇಬ್ಬರೂ ಒಂದೇ ಮಾತು ಹೇಳಿದರೆ ‘ಇಬ್ರೂ ಮಾತಾಡ್ಕೊಂಡವ್ರೆ’ ಎಂದು ನನ್ನ ಕಿವಿಯಲ್ಲಿ ಉಸುರುತ್ತಾರೆ. ಇಂಥವರ ಜೊತೆ ಇಪ್ಪತ್ತೆರಡು ವರ್ಷ ಸಂಸಾರ ಮಾಡಿದ ನಮ್ಮಕ್ಕ ಶಾಂತಕುಮಾರಿಗೆ ಸರ್ಕಾರ ಏನಾದರೂ ಪ್ರಶಸ್ತಿ ಕೊಡಬೇಕು ಎನ್ನುವುದು ನನ್ನ ಹಳೆಯ ಬೇಡಿಕೆ.

ಅಕ್ಕನನ್ನು ನೋಡಲು ಅವರು ನಮ್ಮ ಮನೆಗೆ ಬಂದ ದಿನ ನಾನು ಬಾಗಿಲ ಹತ್ತಿರ ನಿಂತಿದ್ದೆ. ಉಪ್ಪಿಟ್ಟು ಮಾಡಿದ್ದು ಹುಡುಗಿಯೇ ಎಂದು ನಮ್ಮಪ್ಪ ಹೇಳಿದ್ದೇ ತಡ, ಭಾವ ತಟ್ಟೆ ಕೆಳಗಿಟ್ಟು, ‘ಎಷ್ಟು ಮೆಣ್ಸಿನ್ಕಾಯಿ ಹಾಕಿದ್ರಿ?’ ಎಂದು ನೇರವಾಗಿ ಅಕ್ಕನನ್ನೇ ಕೇಳಿದರು. ಅಕ್ಕ ತಲೆ ತಗ್ಗಿಸಿಕೊಂಡೇ, ‘ನಾನ್ ಮಾಡಿಲ್ಲ, ನಮ್ಮವ್ವ ಮಾಡಿದ್ದು’ ಎಂದಳು. ನಮ್ಮಪ್ಪನ ಮುಖ ಹುಳ್ಳಗಾಯಿತು. ಭಾವ ಮಾತ್ರ ತಟ್ಟೆ ಎತ್ತಿಕೊಂಡು ಉಪ್ಪಿಟ್ಟು ಮುಗಿಸಿ, ಕೈ ತೊಳೆದು, ಹುಡುಗಿ ಒಪ್ಪಿಗೆ ಎಂದರು. ಈ ಮನೆಯಲ್ಲಿ ನಿಜ ಹೇಳುವವಳು ಒಬ್ಬಳಾದರೂ ಇದ್ದಾಳೆ ಎನ್ನುವುದಕ್ಕೆ ಅವರಿಗೆ ಸಾಕ್ಷಿ ಸಿಕ್ಕಿತ್ತು.

ಇದು ಹುಟ್ಟುಗುಣವೋ, ಕಸುಬು ಅಂಟಿಸಿದ ಕಾಯಿಲೆಯೋ ನನಗೆ ತಿಳಿಯದು. ಭಾವನ ಊರು ನೊಣವಿನಕೆರೆ. ಸ್ವಂತಕ್ಕೆ ಒಂದಿಷ್ಟು ತೆಂಗಿನ ಮರಗಳಿವೆ, ಆದರೆ ಸುತ್ತಮುತ್ತ ಅವರಿಗೆ ಹೆಸರು ಬಂದಿರುವುದು ಅವರ ಕಿವಿಯಿಂದ. ನಮ್ಮ ಕಡೆ ಬಲಿತ ಕಾಯನ್ನು ಸುಲಿಯದೆ ಮಟ್ಟೆ ಸಮೇತ ಅಟ್ಟಕ್ಕೆ ಹಾಕಿ ಹನ್ನೊಂದು ಹನ್ನೆರಡು ತಿಂಗಳು ಬಿಟ್ಟುಬಿಡುತ್ತಾರೆ. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡು, ಉಂಡೆಯಾಗಬೇಕು. ಆಗಿದೆಯೋ ಇಲ್ಲವೋ ಎಂದು ಒಡೆಯದೆ ತಿಳಿಯುವ ದಾರಿ ಒಂದೇ. ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಒಳಗೆ ಗಡಗಡ ಎಂದರೆ ಸೈ, ಸದ್ದಿಲ್ಲದಿದ್ದರೆ ಇನ್ನೂ ಹಸಿ. ಇಷ್ಟು ಎಲ್ಲರಿಗೂ ಬರುತ್ತದೆ. ಆದರೆ ನೂರು ಕಾಯಿ ಅಲ್ಲಾಡಿಸಿ ಅಟ್ಟದಲ್ಲಿರುವ ಹತ್ತು ಸಾವಿರ ಕಾಯಿಯ ಹಣೆಬರಹ ಹೇಳುವುದು ಭಾವನಿಗೆ ಮಾತ್ರ ಬರುತ್ತದೆ. ವ್ಯಾಪಾರಿಗಳೂ ಕರೆಯುತ್ತಾರೆ, ತೋಟದವರೂ ಕರೆಯುತ್ತಾರೆ, ದೂರದ ಕಂದಿಕೆರೆಯಿಂದಲೂ ಕರೆದೊಯ್ಯಲು ಬೈಕು ಬರುತ್ತದೆ. ಕರೆದವರು ಮುಂದೆ ತಳ್ಳಿದ ಕಾಯನ್ನು ಭಾವ ಮುಟ್ಟುವುದಿಲ್ಲ, ಅವರು ಹಿಂದೆ ಸರಿಸಿದ್ದನ್ನೇ ಎತ್ತಿಕೊಳ್ಳುತ್ತಾರೆ. ಅಟ್ಟದ ಮೇಲೆ ಈ ಅನುಮಾನ ವಿದ್ಯೆ. ಕೆಳಗಿಳಿದ ಮೇಲೂ ಬಿಡದಿರುವುದು ನಮ್ಮ ಕರ್ಮ.

ಅವರು ಅತಿ ಹೆಚ್ಚು ಅನುಮಾನ ಪಟ್ಟಿದ್ದು ಇಮ್ದಾದ್ ಮೇಲೆ, ಅತಿ ಹೆಚ್ಚು ಪ್ರೀತಿ ಮಾಡಿದ್ದೂ ಅವನನ್ನೇ. ಇಮ್ದಾದ್ ತಿಪಟೂರಿನಲ್ಲಿ ಮಿಕ್ಸಿ, ಟಿವಿ ರಿಪೇರಿ ಮಾಡುವವನು. ಅವರಿಬ್ಬರಿಗೂ ಹದಿನೈದು ಹದಿನಾರು ವಯಸ್ಸಾಗಿದ್ದಾಗ ಇಮ್ದಾದ್ ಅಪ್ಪ ನಜೀರ್ ಅಹಮದ್ ಅಲ್ಲೇ ತಿಪಟೂರಿನಲ್ಲಿ ವಿಡಿಯೋ ಗೇಮ್ ಅಂಗಡಿ ಇಟ್ಟಿದ್ದರು. ಆಳೆತ್ತರದ ಪೆಟ್ಟಿಗೆ, ಅದರೊಳಗೊಂದು ಟಿವಿ, ಮುಂದೆ ಹಿಡಿ ಗಾತ್ರದ ಕೋಲು, ಪಕ್ಕದಲ್ಲಿ ಆರು ಗುಂಡಿ. ಇಬ್ಬರು ನಿಂತು ತೆರೆಯ ಮೇಲಿನ ಪೈಲ್ವಾನರನ್ನು ಹೊಡೆದಾಡಿಸುವ ಆಟ. ನೊಣವಿನಕೆರೆಯಿಂದ ಬಸ್ಸಿನಲ್ಲಿ ಬಂದ ಭಾವ ಮಾಲೀಕನ ಮಗನ ಎದುರು ನಿಲ್ಲುತ್ತಿದ್ದರು, ಸೋಲುತ್ತಿದ್ದರು, ಅಂಗಡಿಯವರ ಮಗ ಏನೋ ಒಳಮಸಲತ್ತು ಮಾಡಿದ್ದಾನೆ ಎಂದು ಜಗಳ ತೆಗೆಯುತ್ತಿದ್ದರು. ಆ ಜಗಳದಿಂದಲೇ ಸ್ನೇಹ ಕುದುರಿತು. ಅಂಗಡಿ ಮುಚ್ಚಿ ಕಾಲವಾಯಿತು. ಹತ್ತು ವರ್ಷದ ಹಿಂದೆ, ರಿಪೇರಿಗೆ ಬಂದು ಯಾರೂ ವಾಪಸ್ ಒಯ್ಯದ ಗೇಮ್ ಪೆಟ್ಟಿಗೆಯೊಂದನ್ನು ಇಮ್ದಾದ್ ತಂದು ಭಾವನ ಮನೆಯ ಟಿವಿಗೆ ಸಿಕ್ಕಿಸಿದ. ಅದರಲ್ಲಿ ಅದೇ ಹಳೆಯ ಆಟವಿತ್ತು. ಅಂದಿನಿಂದ ಭಾನುವಾರ ಊಟವಾದ ಮೇಲೆ ಇಮ್ದಾದ್ ಬರುವುದು, ಇಬ್ಬರೂ ಚಾಪೆಯ ಮೇಲೆ ಕೂತು ಕೈಯಲ್ಲೊಂದೊಂದು ಗುಂಡಿ ಒತ್ತುವ ಗೇಮ್ ರಿಮೋಟ್ ಹಿಡಿದು ಹೊಡೆದಾಡುವುದು. ಇಮ್ದಾದ್ ಹತ್ತಕ್ಕೆ ಏಳು ಗೆಲ್ಲುತ್ತಿದ್ದ. ಭಾವ ಆ ಏಳನ್ನೂ ಮೋಸ ಎನ್ನುತ್ತಿದ್ದರು. ಅವರ ಭಾನುವಾರ ಸುಖವಾಗಿತ್ತು.

ಮೂರು ವರ್ಷದ ಹಿಂದೆ ಕಾಯಿ ಸುಲಿಯುವಾಗ ಭಾವನ ಕೈ ಜಾರಿತು. ನೆಲಕ್ಕೆ ನೆಟ್ಟ ಕಬ್ಬಿಣದ ಮೊನೆ ಎಡಗೈ ಹೆಬ್ಬೆರಳಿನ ಬುಡಕ್ಕೇ ಹೊಕ್ಕಿತು. ಗಾಯ ಮಾಯಿತು, ಆದರೆ ಹೆಬ್ಬೆರಳು ಮಡಚುವುದಿಲ್ಲ, ಸೌದೆ ಚೂರಿನ ಹಾಗೆ ಸೆಟೆದು ನಿಂತಿರುತ್ತದೆ. ಕಾಯಿ ಹಿಡಿಯಲು, ಅಲ್ಲಾಡಿಸಲು ಅಡ್ಡಿಯಿಲ್ಲ. ಅಡ್ಡಿಯಾದದ್ದು ರಿಮೋಟಿಗೆ. ಅದರಲ್ಲಿ ಪೈಲ್ವಾನನನ್ನು ಅತ್ತಿತ್ತ ಓಡಾಡಿಸುವುದು ಎಡಗೈ ಹೆಬ್ಬೆರಳೇ. ಭಾವ ತೋರುಬೆರಳನ್ನು ಅಡ್ಡಡ್ಡ ಇಟ್ಟು ಹೇಗೋ ಒತ್ತುತ್ತಿದ್ದರು.

ವಿಚಿತ್ರವೆಂದರೆ ಒಂದೆರಡು ವಾರದಲ್ಲೇ ಭಾವನೇ ಗೆಲ್ಲತೊಡಗಿದರು. ಹತ್ತಕ್ಕೆ ಆರು, ಏಳು. ಮೊದಲ ಕೆಲವು ತಿಂಗಳು ಹಿಗ್ಗಿ ಹೀರೇಕಾಯಿಯಾದರು. ಆಮೇಲೆ ಹಿಗ್ಗು ಇಳಿಯಿತು. ಒಂದು ಬೆಳಿಗ್ಗೆ ತಿಪಟೂರಿನ ನನ್ನ ಝೆರಾಕ್ಸ್ ಅಂಗಡಿಗೆ ಬಂದು, ಗಿರಾಕಿ ಹೋಗುವವರೆಗೆ ಕಾದು, ಸ್ಟೂಲ್ ಎಳೆದುಕೊಂಡು ಕೂತರು.

‘ಹನುಮಂತ, ಹತ್ತು ಬೆಳ್ಳೂ ನೆಟ್ಟಗಿದ್ದಾಗ ಸೋಲ್ತಿದ್ದೋನು, ಒಂದು ಬೆಳ್ಳು ಹೋದ್ಮೇಲೆ ಹೆಂಗೋ ಗೆಲ್ತಾನೆ?’

ಅಭ್ಯಾಸ ಇರಬಹುದು ಭಾವ ಎಂದೆ.

‘ಅಭ್ಯಾಸ ಅಲ್ಲ ಕಣಪ್ಪ. ಇಮ್ದಾದ್ ಬುಟ್ಕೊಡ್ತಾವ್ನೆ ಅಂತ ನಂಗೆ ಗುಮಾನಿ. ಹಂಗಾಗಿದ್ರೆ ಅದು ಗೆಲುವಲ್ಲ, ಭಿಕ್ಷೆ. ನನ್ ಮನೇಲೇ ಕೂರ್ಸಿ ನಂಗೇ ಭಿಕ್ಷೆ ಹಾಕ್ತಾವ್ನೆ.’ ಅವರ ದನಿಯಲ್ಲಿ ಸಿಟ್ಟಿಗಿಂತ ಹೆದರಿಕೆ ಹೆಚ್ಚಿತ್ತು. ಮೂವತ್ತು ವರ್ಷದ ಗೆಳೆಯ ತನ್ನನ್ನು ಸಮಸಮ ಎಂದು ನೋಡುವುದು ನಿಲ್ಲಿಸಿದ್ದಾನೆಯೇ ಎಂಬ ಹೆದರಿಕೆ. ಇಮ್ದಾದ್ ಬಿಟ್ಟುಕೊಡುತ್ತಿದ್ದಾನೆಂದು ನನಗೂ ಅನ್ನಿಸಿತ್ತು, ಬಾಯಿ ಬಿಟ್ಟಿರಲಿಲ್ಲ.

ಅವರ ಉಪಾಯ ಸರಳವಾಗಿತ್ತು. ಹಳೆಯ ಅಂಗಡಿಯಲ್ಲಿದ್ದಂಥ, ಮುಷ್ಟಿಯಲ್ಲಿ ಹಿಡಿಯುವ ಜಾಯ್‌ಸ್ಟಿಕ್ ಈಗ ಮನೆಯಲ್ಲಿಟ್ಟು ಆಡಲೂ ಸಿಗುತ್ತದೆಂದು ಯಾರೋ ಹೇಳಿದ್ದರು. ಅದಕ್ಕೆ ಹೆಬ್ಬೆರಳು ಬೇಡ. ‘ಅದು ಬಂದ್ರೆ ನನ್ ಕೈ ಅವನ ಕೈ ಸಮ ಆಯ್ತದೆ. ಕನಿಕರಕ್ಕೆ ಜಾಗ ಇರಲ್ಲ. ಆಮೇಲೆ ಯಾರು ಸೋತ್ರೂ ಸೋತಂಗೆ.’

ಇಮ್ದಾದ್‌ನನ್ನೇ ಕೇಳಿದರೆ ಒಳ್ಳೆಯದನ್ನು ಆರಿಸಿಕೊಡುತ್ತಾನಲ್ಲ ಎಂದೆ. ‘ಕಳ್ಳನ ಕೈಲೇ ಬೀಗ ತರ್ಸಕಾಯ್ತದಾ?’ ಎಂದರು. ಅಲ್ಲಿಗೆ ಆ ಕೆಲಸ ನನ್ನ ಕೊರಳಿಗೆ ಬಿತ್ತು.

ಫೋನಿನಲ್ಲಿ ಹತ್ತಾರು ಬಗೆ ತೋರಿಸಿದೆ. ಕೊಂಡವರು ಬರೆದ ಅಭಿಪ್ರಾಯಗಳನ್ನು ಓದಿ ಹೇಳಿದೆ. ಒಬ್ಬ ತುಂಬಾ ಚೆನ್ನಾಗಿದೆ ಎಂದು ಬರೆದಿದ್ದ. ‘ಇವ್ನು ಅಂಗ್ಡಿಯೋನ ಭಾಮೈದ ಇರ್ಬೇಕು’ ಎಂದು ನನ್ನನ್ನೇ ಒಂದು ಥರ ನೋಡಿದರು. ಇನ್ನೊಬ್ಬ ದಂಡ ಎಂದು ಬರೆದಿದ್ದ. ‘ಇವ್ನು ಎದುರಂಗ್ಡಿಯೋನು.’ ಫೋಟೋದಲ್ಲಿ ಕೋಲು ಹಿಡಿದ ಕೈಯೊಂದಿತ್ತು, ಅದರ ಉಗುರು ತೀರಾ ನುಣುಪಾಗಿದೆ, ಅದು ಆಡುವವನ ಕೈಯಲ್ಲ ಎಂದರು. ನನಗೆ ಮೈಯೆಲ್ಲ ಉರಿಯಿತು. ಹಾಗಾದರೆ ಬೆಂಗಳೂರಿಗೇ ಹೋಗಿ ಮುಟ್ಟಿ ನೋಡಿ ತರೋಣ ನಡೀರಿ ಎಂದೆ. ಅವರಿಗೆ ಬೇಕಾಗಿದ್ದೂ ಅದೇ.

ಶುಕ್ರವಾರ ಬೆಳಗಿನ ರೈಲಿಗೆ ಹೋದೆವು. ಎಲೆಕ್ಟ್ರಾನಿಕ್ ಸಾಮಾನಿನ ಬೀದಿಯೊಂದರಲ್ಲಿ ನಾಲ್ಕು ಅಂಗಡಿ ಸುತ್ತಿ, ನಾಲ್ಕರಲ್ಲೂ ಮಾಲೀಕರ ಮುಖ ಸರಿಯಿಲ್ಲವೆಂದು ಎದ್ದುಬಂದು, ಐದನೆಯದರಲ್ಲಿ ಕೂತರು. ಅಲ್ಲಿದ್ದ ಹುಡುಗಿ ಪವಿತ್ರಾ ಎಂಬುವಳು ಬಲು ತಾಳ್ಮೆಯವಳು. ಮೊದಲು ತೋರಿಸಿದ್ದು ಹಗುರವಾದ ಪ್ಲಾಸ್ಟಿಕ್ಕಿನದು. ಭಾವ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೋಲು ಎಳೆದರೆ ಪೆಟ್ಟಿಗೆಯೇ ಕೋಲಿನ ಹಿಂದೆ ಬಂತು. ಎರಡನೆಯದರ ಹಿಡಿ ಬದನೆಕಾಯಿಯ ಹಾಗೆ ಉದ್ದಕ್ಕಿತ್ತು. ಅದನ್ನು ಸುತ್ತಿ ಹಿಡಿಯಲು ಹೋದರೆ ಸೆಟೆದ ಹೆಬ್ಬೆರಳು ಎದುರಿಗೇ ಚಾಚಿಕೊಂಡು ನಿಲ್ಲುತ್ತಿತ್ತು. ಮೂರನೆಯದರ ತಳ ಕಬ್ಬಿಣದ್ದು, ಒಳ್ಳೆಯ ಭಾರ. ಕೋಲಿನ ತುದಿಯಲ್ಲಿ ನಿಂಬೆಹಣ್ಣಿನಷ್ಟು ಗುಂಡು. ಭಾವ ಅಂಗೈ ಮೇಲೆ ಮಾಡಿ, ಕೋಲನ್ನು ನಡುಬೆರಳು ಉಂಗುರಬೆರಳಿನ ಸಂದಿಗೆ ಸಿಕ್ಕಿಸಿ, ಗುಂಡನ್ನು ಅಂಗೈಯಲ್ಲಿ ಕೂರಿಸಿದರು. ಹೆಬ್ಬೆರಳು ತನ್ನ ಪಾಡಿಗೆ ಹೊರಗಿತ್ತು. ಕೋಲು ಅತ್ತಿತ್ತ ಹೋದಂತೆಲ್ಲ ಅವರ ಮುಖ ಮೂವತ್ತು ವರ್ಷ ಹಿಂದಕ್ಕೆ ಹೋಯಿತು. ಅಷ್ಟು ಸಂತೋಷ ನೋಡಿ ನನಗೂ ಸಂತೋಷವಾಯಿತು, ಸುಳ್ಳೇಕೆ ಹೇಳಲಿ.

ಅಲ್ಲಿಗೆ ಮುಗಿಯಬೇಕಿತ್ತು. ಒಳಗೇನಿದೆ ಬಿಚ್ಚಿ ತೋರಿಸಿ ಎಂದರು. ಬಿಚ್ಚಿದರೆ ಗ್ಯಾರಂಟಿ ಹೋಗುತ್ತದೆ ಎಂದಳು ಪವಿತ್ರಾ. ಅಷ್ಟು ಸಾಕಾಯಿತು, ಗುಮಾನಿ ಎದ್ದು ಕೂತಿತು. ಅದೇ ಮಾದರಿಯ ಇನ್ನೊಂದಿದ್ದರೆ ತನ್ನಿ ಎಂದರು. ಅವಳು ಒಳಗಿನಿಂದ ತಂದಿಟ್ಟಳು. ಭಾವ ಒಂದನ್ನು ಎತ್ತಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಸದ್ದಿಲ್ಲ. ಅಲ್ಲಿಯವರೆಗೆ ಕೈಯಾಡಿಸಿದ್ದ ಇನ್ನೊಂದನ್ನು ಎತ್ತಿ ಅಲ್ಲಾಡಿಸಿದರು. ಗಡಗಡ ಎಂದಿತು.

‘ಇದು’ ಎಂದರು.

ಪವಿತ್ರಾ ಗಾಬರಿಯಾದಳು. ‘ಅಯ್ಯೋ ಬೇಡ ಸರ್, ಅದು ತೋರಿಸೋಕೆ ಇಟ್ಟಿದ್ದ ಪೀಸು. ಒಳಗೆ ಏನೋ ಸಡಿಲ ಆದಂಗಿದೆ. ಸೌಂಡ್ ಬರದೆ ಇರೋದನ್ನ ತಗೊಳ್ಳಿ.’

ಭಾವ ನನ್ನ ಕಡೆ ತಿರುಗಿ ಕಣ್ಣು ಮಿಟುಕಿಸಿದರು. ‘ನೋಡ್ದಾ? ಹಸಿ ಕಾಯಿ ಮುಂದಕ್ಕೆ ತಳ್ತಾವ್ಳೆ. ಅಟ್ಟದ ಮೇಲೆ ಈ ಮಾತ ಎಷ್ಟು ಸಲ ಕೇಳಿಲ್ಲ ನಾನು!’

ಆಗ ನಾನು ತಡೆಯಬೇಕಿತ್ತು. ತಡೆಯಲಿಲ್ಲ, ಏಕೆಂದರೆ ನಾನೂ ತಿಪಟೂರಿನವನೇ. ಆ ಗಡಗಡ ಕಿವಿಗೆ ಬಿದ್ದಾಗ ನನ್ನ ತಲೆಯೂ ತಾನಾಗಿಯೇ ಸೈ ಎಂದು ಆಡಿತ್ತು. ಹುಟ್ಟಿದಾಗಿನಿಂದ ಒಳ್ಳೆಯ ಮಾಲಿನ ಸದ್ದು ಅದೇ ಎಂದು ಕೇಳಿಕೊಂಡು ಬೆಳೆದವರು ನಾವು. ಬೇಡ ಬೇಡವೆಂದು ಅವಳು ಹೇಳುತ್ತಲೇ ಇದ್ದಳು, ನಾವು ಪೆಟ್ಟಿಗೆ ಕಟ್ಟಿಸಿಕೊಂಡು ಬಂದೆವು. ರೈಲಿನಲ್ಲಿ ಭಾವ ಎರಡು ಸಲ ಅದನ್ನು ಅಲ್ಲಾಡಿಸಿ ಕೇಳಿಸಿಕೊಂಡರು.

ಶನಿವಾರ ಅವರ ಮನೆಯಲ್ಲಿ ಅದನ್ನು ಟಿವಿಗೆ ಸಿಕ್ಕಿಸಿದೆ. ಬಲಕ್ಕೆ ಎಳೆದರೆ ಪೈಲ್ವಾನ ಬಲಕ್ಕೆ ಹೋದ. ಮೇಲಕ್ಕೆ ತಳ್ಳಿದರೆ ಹಾರಿದ. ಎಡಕ್ಕೆ ಎಳೆದರೆ ಕಂಬದಂತೆ ನಿಂತ. ಹತ್ತು ಸಲ ಎಳೆದರೂ ಅಷ್ಟೇ. ಗಡಗಡ ಎಂದಿದ್ದು ಒಳಗೆ ಕಿತ್ತುಬಂದು ಉರುಳಾಡುತ್ತಿದ್ದ ಎಡಗಡೆಯ ಸ್ವಿಚ್ಚು. ಭಾವ ಆಡುವುದು ತೆರೆಯ ಎಡಬದಿಯಿಂದ. ಎಡವಿಲ್ಲದಿದ್ದರೆ ಹಿಂದೆ ಸರಿಯುವಂತಿಲ್ಲ, ಬಂದ ಪೆಟ್ಟನ್ನು ತಡೆಯುವಂತೆಯೂ ಇಲ್ಲ. ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಅಕ್ಕ, ‘ಕಾಯಿ ಅಲ್ಲಾಡ್ಸೋ ಕೈಲಿ ಕರೆಂಟ್ ಸಾಮಾನು ಅಲ್ಲಾಡ್ಸಿದ್ರೆ ಇನ್ನೇನಾಯ್ತದೆ’ ಎಂದು ಸೆರಗು ಬಾಯಿಗೆ ಒತ್ತಿಕೊಂಡಳು. ನಾನು ಅಂಗಡಿಗೆ ಫೋನ್ ಮಾಡಲು ಹೊರಟೆ.

ಭಾವ ನನ್ನ ಕೈ ಹಿಡಿದರು. ‘ಬ್ಯಾಡ. ನಾಳೆ ಭಾನ್ವಾರ, ಇಮ್ದಾದ್ ಬತ್ತಾನೆ. ಇದು ಕೆಟ್ಟೈತೆ ಅಂತ ಯಾರೂ ಬಾಯಿ ಬುಡಬ್ಯಾಡಿ. ಎಡಕ್ಕೆ ಹೋಗದ ಕೋಲಲ್ಲಿ ಅವನ್ ಮುಂದೆ ಒಂದಾಟನೂ ನಾನು ಗೆಲ್ಲಕ್ಕಾಗಲ್ಲ. ಗೆದ್ರೆ ಗುಮಾನಿ ನಿಜ.’ ಆಮೇಲೆ ಮೇಲಕ್ಕೆ ಕೈ ಮುಗಿದು, ‘ದೇವ್ರೆ, ನಾಳೆ ನಾನು ಸೋಲ್ಬೇಕು’ ಎಂದರು. ಸೋಲಲೆಂದು ಹರಸಿಕೊಂಡವರನ್ನು ನಾನು ಕಂಡಿದ್ದು ಅದೇ ಮೊದಲು.

ಭಾನುವಾರ ಇಮ್ದಾದ್ ಬಂದವನೇ ಹೊಸ ಪೆಟ್ಟಿಗೆ ನೋಡಿ ಕುಣಿದಾಡಿದ. ‘ಅರೆ ಭೀಮಾ, ನಮ್ಮಪ್ಪನ ಅಂಗ್ಡೀನೇ ತಂದ್ಬುಟ್ಟಿದ್ದೀಯಲ್ಲೋ!’ ತಾನು ಎಂದಿನ ರಿಮೋಟ್ ಹಿಡಿದು ಕೂತ. ಆಟ ಶುರುವಾಯಿತು.

ಮೊದಲನೆಯದನ್ನು ಭಾವ ಗೆದ್ದರು. ಎರಡನೆಯದನ್ನೂ ಗೆದ್ದರು. ಅವರ ಪೈಲ್ವಾನ ಒಂದು ಹೆಜ್ಜೆಯೂ ಹಿಂದೆ ಇಡದೆ, ಒಂದು ಪೆಟ್ಟನ್ನೂ ತಡೆಯದೆ, ಹೊಲದ ಬೆದರುಗೊಂಬೆಯ ಹಾಗೆ ನಿಂತಿದ್ದ. ಮೇಲೆ ಬಿದ್ದು ಮುಗಿಸಬೇಕಾದ ಇಮ್ದಾದ್ ಸುಮ್ಮಸುಮ್ಮನೆ ಹಾರುತ್ತಿದ್ದ, ಪೆಟ್ಟಿನ ಮುಂದೆ ತಾನೇ ಹೋಗಿ ಇಳಿಯುತ್ತಿದ್ದ, ‘ಥತ್, ತಪ್ಪೋಯ್ತು’ ಎನ್ನುತ್ತಿದ್ದ. ಹೊಸ ಕೋಲಿಗೆ ಭಾವನ ಕೈ ಇನ್ನೂ ಹೊಂದಿಲ್ಲ ಎಂದುಕೊಂಡನೋ ಏನೋ, ಎಂದಿಗಿಂತ ಹೆಚ್ಚೇ ಉದಾರನಾಗಿದ್ದ. ಮೂರು, ನಾಲ್ಕು, ಐದು. ಒಂದೊಂದು ಗೆಲುವಿಗೂ ಭಾವನ ಮುಖ ಕಪ್ಪಾಗುತ್ತ ಹೋಯಿತು. ನನಗೆ ಎದ್ದು ಹೊರಗೆ ಹೋಗಿಬಿಡೋಣ ಅನ್ನಿಸಿತು.

ಆರನೆಯದು ಗೆದ್ದ ಮೇಲೆ ಭಾವ ಕೋಲು ಬಿಟ್ಟರು. ‘ಇಮ್ದಾದ್, ಈ ಕೋಲು ಎಡಕ್ಕೆ ಓಡಲ್ಲ ಕಣ್ಲಾ.’

‘ಏನಂದೆ?’

‘ನಿನ್ನೆಯಿಂದ್ಲೇ ಓಡಲ್ಲ. ನೀನೇ ಎಳ್ದು ನೋಡು.’

ಇಮ್ದಾದ್ ಎಳೆದು ನೋಡಿದ. ಮತ್ತೊಮ್ಮೆ ಎಳೆದ. ರಿಮೋಟನ್ನು ಮೆಲ್ಲಗೆ ಚಾಪೆಯ ಮೇಲಿಟ್ಟ. ಅಕ್ಕ ಕಾಫಿ ಲೋಟಗಳನ್ನು ಹಿಡಿದು ಬಾಗಿಲಲ್ಲೇ ನಿಂತಳು.

‘ಮೂರು ವರ್ಷ ಕಣ್ಲಾ’ ಎಂದರು ಭಾವ. ‘ನೀನು ಗೆಲ್ಲಕ್ಕೆ ಮೋಸ ಮಾಡ್ತೀಯ ಅಂತ ಹುಡುಗ್ರಾಗಿದ್ದಾಗಿಂದ ಕಾಯ್ತಾ ಕೂತಿದ್ದೆ. ಸೋಲಕ್ಕೆ ಮೋಸ ಮಾಡ್ತೀಯ ಅಂತ ಅನ್ಕಂಡಿರ್ಲಿಲ್ಲ.’

ಇಮ್ದಾದ್ ತಲೆ ಎತ್ತಲಿಲ್ಲ. ‘ಆಸ್ಪತ್ರೆಯಿಂದ ಬಂದ್ಮೇಲೆ ಮೊದ್ಲ ದಿನ ಆಡಿದ್ದು ನೆನಪೈತಾ? ಎಂಟೂ ಸೋತೆ ನೀನು. ಸೋತಿದ್ದು ಮೋಸ ಅಂತ ಒಂದು ಮಾತೂ ಅನ್ಲಿಲ್ಲ. ಜಗಳಾನೇ ಆಡ್ಲಿಲ್ಲ. ಎದ್ದು ಒಳಕ್ಕೆ ಹೋಗಿ ಮಲೀಕಂಡೆ. ನಂಗೆ ಭಯ ಆಯ್ತು ಭೀಮ. ಇವ್ನು ಆಟ ಬುಟ್ಬುಟ್ರೆ ಭಾನ್ವಾರ ನಾನೆಲ್ಲಿಗೆ ಹೋಗ್ಲಿ? ನಂಗೆ ಇನ್ಯಾರವ್ರೆ? ಅದ್ಕೇ ಬುಟ್ಕೊಟ್ಟೆ. ಒಂದು ಸಲ ಶುರುವಾದ್ಮೇಲೆ ನಿಲ್ಸಕ್ಕೆ ಆಗ್ಲಿಲ್ಲ.’

ಭಾವ ತಮ್ಮ ಹೆಬ್ಬೆರಳನ್ನು ನೋಡಿಕೊಂಡರು. ಆಮೇಲೆ ಪೆಟ್ಟಿಗೆಯನ್ನು ಅವನ ಮುಂದಕ್ಕೆ ತಳ್ಳಿ, ‘ರಿಪೇರಿ ಮಾಡು. ಆಮೇಲೆ ಹೊಡಿ. ಬುಟ್ಕೊಟ್ರೆ ಈ ಮನೆ ಮೆಟ್ಲು ಹತ್ಬ್ಯಾಡ’ ಎಂದರು.

ಇಮ್ದಾದ್ ಬೈಕಿನ ಡಬ್ಬಿಯಿಂದ ಸ್ಕ್ರೂಡ್ರೈವರ್ ತಂದು ತಳ ಬಿಚ್ಚಿದ. ಸ್ವಿಚ್ಚನ್ನು ಅದರ ಜಾಗದಲ್ಲಿ ಕೂರಿಸಿ ಬಿಗಿ ಮಾಡಿದ. ಕಾಲುಗಂಟೆಯ ಕೆಲಸ.

ಆಮೇಲೆ ನಡೆದದ್ದನ್ನು ಆಟ ಎನ್ನಲು ನನಗೆ ಮನಸ್ಸು ಬಾರದು. ಇಮ್ದಾದ್ ಮೂರು ವರ್ಷದ ಬಾಕಿಯನ್ನೆಲ್ಲ ಒಟ್ಟಿಗೆ ಹೊಡೆದ. ಭಾವ ಒಂದರ ಮೇಲೊಂದು ಒಂಬತ್ತು ಸೋತರು. ಆದರೆ ಎದ್ದು ಒಳಗೆ ಹೋಗಲಿಲ್ಲ. ಚಾಪೆಯಂಚಿಗೆ ಸರಿದು, ಬೆನ್ನು ನೆಟ್ಟಗೆ ಮಾಡಿ, ಕೋಲಿನ ಗುಂಡನ್ನು ಅಂಗೈಯಲ್ಲಿ ಹಿಡಿದು, ಪ್ರತಿ ಆಟಕ್ಕೂ ಒಂದೊಂದು ಪೆಟ್ಟು ಕಲಿತುಕೊಳ್ಳುತ್ತಿದ್ದರು. ಏಳನೆಯದರಲ್ಲಿ ಸ್ವಲ್ಪ ತಡೆದರು. ಒಂಬತ್ತನೆಯದರಲ್ಲಿ ಕೂದಲೆಳೆಯಲ್ಲಿ ಸೋತರು.

ಹತ್ತನೆಯದನ್ನು ಗೆದ್ದರು.

ಗೆದ್ದವರು ತೆರೆ ನೋಡಲಿಲ್ಲ, ತಿರುಗಿ ಇಮ್ದಾದ್ ಮುಖ ನೋಡಿದರು. ನಾನೂ ಅದನ್ನೇ ನೋಡುತ್ತಿದ್ದೆ. ಇಮ್ದಾದ್ ಮುಖ ಕೆಂಪೇರಿತ್ತು. ರಿಮೋಟನ್ನು ಗೋಡೆಯ ಕಡೆ ಬಿಸಾಡಿ, ‘ಥೂ! ಕೊಡ್ಲಾ ಇಲ್ಲಿ ಆ ಪೆಟ್ಗೇನ. ಒಳಗೇನೋ ಮಾಡ್ಸಿದ್ದೀಯ ನೀನು. ಆ ಪೆಟ್ಟು ಹಂಗೆ ಬರೋ ಚಾನ್ಸೇ ಇಲ್ಲ. ಬಿಚ್ಚಿ ನೋಡ್ತೀನಿ’ ಎಂದು ಸ್ಕ್ರೂಡ್ರೈವರ್‌ಗೆ ತಡಕಾಡಿದ. ಅದನ್ನು ಆಗತಾನೇ ಬಿಚ್ಚಿ ಮುಚ್ಚಿದವನು ತಾನೇ ಎನ್ನುವುದು ಅವನಿಗೆ ಮರೆತೇ ಹೋಗಿತ್ತು.

ಬೇಕೆಂದು ಸೋತವನಿಗೆ ಅಷ್ಟು ಸಿಟ್ಟು ಬರುವುದಿಲ್ಲ, ಅಷ್ಟು ಅನುಮಾನವೂ ಬರುವುದಿಲ್ಲ. ಅದು ಭಾವನಿಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತು? ಅವರು ಎರಡೂ ಕೈಯಿಂದ ಪೆಟ್ಟಿಗೆ ಎತ್ತಿ ಅವನ ತೊಡೆಯ ಮೇಲಿಟ್ಟರು.

‘ಬಿಚ್ಚಿ ನೋಡ್ಕೊಳ್ಲಾ’ ಎಂದರು. ಅವರ ಕಣ್ಣಲ್ಲಿ ನೀರಿತ್ತು, ಒರೆಸಿಕೊಳ್ಳಲಿಲ್ಲ.